ತೋಳು ಹಿಡಿದ ಗೆಳತಿ

"ಕೈ ಮುಂದೆ ತಾ, ನೋಡೋಣ," ಅಂದರು ಚರ್ಮದ ಡಾಕ್ಟರು.

ಬುಗುರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಕೂತಲ್ಲಿ ಕೂರದ ಮೊಮ್ಮಗಳಿಗೆ ಅಜ್ಜಿ ಇಟ್ಟ ಹೆಸರದು. ಇವತ್ತೂ ಕುರ್ಚಿಯ ಕೆಳಗೆ ಅವಳ ಕಾಲು ಸುಮ್ಮನಿರಲಿಲ್ಲ.

"ತೋರಿಸು ಪುಟ್ಟಾ," ಅಂದರು ಅಪ್ಪ. ಗ್ಯಾರೇಜಿನಿಂದ ನೇರ ಓಡಿ ಬಂದಿದ್ದರು.

ಬೆರಳ ಗೆಣ್ಣುಗಳ ಮೇಲೆ ನಾಲ್ಕು ತಿಂಗಳಿಂದ ಇದ್ದ ಬಿಳಿ ಮಚ್ಚೆಗಳು ಈಗ ಕೆಂಪಗೆ ಊದಿ ಉರಿಯುತ್ತಿದ್ದವು.

"ನಾನು ಕೊಟ್ಟ ಮುಲಾಮು ದಿನಕ್ಕೆ ಎಷ್ಟು ಸಲ ಹಚ್ಚಿದೆ?"

"ಒಂದ್ಸಲ."

ಡಾಕ್ಟರು ಊದಿದ ಗೆಣ್ಣುಗಳನ್ನು ಇನ್ನೊಮ್ಮೆ ನೋಡಿದರು.

"ಐದು ಸಲ," ಬುಗುರಿ ಬಿಕ್ಕಿದಳು. "ಸ್ಕೂಲಲ್ಲೂ ಕದ್ದು ಹಚ್ಕೊಂಡೆ. ಬೇಗ ಹೋಗ್ಲಿ ಅಂತ! ಮುಂದಿನ ವಾರ ಗ್ರೂಪ್ ಡ್ಯಾನ್ಸ್. ಗುಂಗುರು ನನ್ನ ಕೈ ಹಿಡಿಯೋದೇ ಇಲ್ಲ. ಅಂಗಿ ತೋಳು ಹಿಡ್ಕೋತಾಳೆ!"

ಗುಂಗುರು ಕೂದಲಿನ ಆ ಹುಡುಗಿ ಅವಳ ಡ್ಯಾನ್ಸ್ ಜೊತೆಗಾತಿ.

ಡಾಕ್ಟರು ಗ್ಲೌಸ್ ಹಾಕದೆಯೇ ಅವಳ ಕೈ ಹಿಡಿದುಕೊಂಡರು. "ಇದು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಈಗ ಮುಲಾಮು ಬಂದ್. ಉರಿ ಇಳೀಲಿ. ಆಮೇಲೆ ವಾರಕ್ಕೆರಡು ಸಲ ಇಲ್ಲಿಗೆ ಬಂದು ಮಚ್ಚೆ ಮೇಲೆ ಬೆಳಕು ಬಿಡೋ ಲೈಟ್ ಟ್ರೀಟ್‌ಮೆಂಟ್ ತಗೋ. ತಿಂಗಳುಗಟ್ಟಲೆ ಬೇಕು. ಬೆರಳಿನ ಮಚ್ಚೆ ಬಲು ಹಠಮಾರಿ. ಪೂರ್ತಿ ಹೋಗದೇನೂ ಇರಬಹುದು."

ಸ್ಕೂಟರ್ ಹಿಂದೆ ಕೂತು ಬುಗುರಿ ಚಡಪಡಿಸಿದಳು. "ಅಪ್ಪಾ, ಹೋಗದೇ ಇದ್ರೆ?"

"ಹೋಗದಿದ್ರೆ ಇರುತ್ತೆ. ನಾವೂ ಇರ್ತೀವಲ್ಲ."

ಆ ಉತ್ತರ ಅವಳಿಗೆ ಸಾಲಲಿಲ್ಲ.

ಉರಿ ಇಳಿದ ಮೇಲೆ, ಶನಿವಾರದ ಪ್ರಾಕ್ಟೀಸಿನಲ್ಲಿ ಗುಂಗುರು ಮತ್ತೆ ಅಂಗಿಯ ತೋಳಿಗೇ ಕೈ ಹಾಕಿದಳು. ಬುಗುರಿ ತೋಳು ಕೊಸರಿಕೊಂಡಳು.

"ಇದು ಅಂಟಲ್ಲ. ಡಾಕ್ಟರೇ ಬರಿಗೈಲಿ ಹಿಡ್ಕೊಂಡ್ರು."

"ಅಮ್ಮ ಮುಟ್ಬೇಡ ಅಂದಿದಾರೆ," ಗುಂಗುರು ತಲೆ ತಗ್ಗಿಸಿದಳು.

ಬುಗುರಿಗೆ ಓಡಿಹೋಗಬೇಕು ಅನಿಸಿತು. ಆದರೂ ಕಾಲೂರಿ ನಿಂತಳು. "ಹಾಗಾದ್ರೆ ಟೀಚರ್‌ಗೆ ಹೇಳಿ ಬೇರೆ ಜೋಡಿ ಮಾಡ್ಕೋ. ತೋಳು ಮಾತ್ರ ಹಿಡೀಬೇಡ."

ಹಾಡು ಶುರುವಾಗಿಯೇ ಬಿಟ್ಟಿತು. ಎಲ್ಲರೂ ಸುತ್ತತೊಡಗಿದರು. ಇವರಿಬ್ಬರೇ ಕಂಬದ ಹಾಗೆ ನಿಂತಿದ್ದರು.

ಗುಂಗುರು ಒಂದು ಬೆರಳು ಚಾಚಿ ಬಿಳಿ ಗೆಣ್ಣನ್ನು ಮುಟ್ಟಿದಳು. ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಕಣ್ಣು ಮುಚ್ಚಿ, ಗಟ್ಟಿಯಾಗಿ ಕೈ ಹಿಡಿದಳು.

ಅವಳ ಅಂಗೈ ಬೆವರಿ ಒದ್ದೆಯಾಗಿತ್ತು.

ಇಷ್ಟು ದಿನ ತಾನೊಬ್ಬಳೇ ಹೆದರಿದ್ದೇನೆ ಎಂದುಕೊಂಡಿದ್ದಳು ಬುಗುರಿ. ಅವಳು ಆ ಒದ್ದೆ ಕೈಯನ್ನು ಮೆತ್ತಗೆ ಅದುಮಿ, "ಬಲಗಾಲು ಮೊದಲು," ಅಂದಳು.