ತೂತು ಮುಚ್ಚಿದ ಗೊಂಬೆ

ಬೆಟ್ಟಗಳಿಗಿನ್ನೂ ರೆಕ್ಕೆಯಿದ್ದ ಕಾಲದಲ್ಲಿ, ಕಾವಿಪುರವೆಂಬ ರಾಜ್ಯದಲ್ಲಿ ಕೆಂಚವ್ವನೆಂಬ ಕುಂಬಾರತಿ ಇದ್ದಳು. ದೇವರ ಗೊಂಬೆ ಮಾಡಿ, ಸುಟ್ಟು, ಬಣ್ಣ ಬಳಿದು, ಕೊನೆಗೆ ಅವಳು ಕಣ್ಣು ಬರೆದಳೆಂದರೆ ಗೊಂಬೆ ಎದ್ದು ನಡೆಯುತ್ತಿತ್ತು. ಸಿಟ್ಟೋ, ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಇದನ್ನು ಕೇಳಿದ ಮಾಯಾವಿ ಕಾಳಜಂಘ ಏನು ಮಾಡಿದ? ಅವಳ ಗಂಡ ಮಾರಣ್ಣನನ್ನು ಮಣ್ಣಿನ ಗೊಂಬೆ ಮಾಡಿ ತನ್ನ ಗೋಡೆಯ ಗೂಡಿನಲ್ಲಿ ಕೂರಿಸಿಕೊಂಡ.

“ನನಗೆ ಮೂರು ಗೊಂಬೆ ಮಾಡಿಕೊಡು. ಇಲ್ಲವಾದರೆ ನಿನ್ನ ಗಂಡನನ್ನು ನೆಲಕ್ಕೆ ಕುಕ್ಕಿಬಿಡುತ್ತೇನೆ.”

“ನಿನ್ನ ಬಾಯಿಗೆ ಮಣ್ಣು ಹಾಕ!” ಎಂದಳು ಕೆಂಚವ್ವ. ಆದರೂ ಅವನ ಅಂಗಳದಲ್ಲೇ ಮಣ್ಣು ತುಳಿಯಲು ಇಳಿದಳು.

ಮೊದಲನೆಯದು ಸಂಜೀವಿನಿ ಬೆಟ್ಟ ಹೊತ್ತ ಹನುಮಂತ. ಕಣ್ಣು ಬರೆದದ್ದೇ ತಡ, ಕಾಳಜಂಘ ಬೂದಿ ಎರಚಿ ವಶ ಮಾಡಿಕೊಂಡ, ಹಿತ್ತಲಿಗೆ ನೀರು ಹೊರಲು ಹಚ್ಚಿದ. ಬೆಟ್ಟ ಹೊತ್ತ ಕೈಗೆ ಬಿಂದಿಗೆ! ಕೆಂಚವ್ವನಿಗೆ ಮೈಯೆಲ್ಲ ಉರಿದುಹೋಯಿತು.

ಎರಡನೆಯದು ನರಸಿಂಹ. ಅವನನ್ನೂ ವಶ ಮಾಡಿಕೊಂಡು ನಾಯಿಯ ಹಾಗೆ ಬಾಗಿಲಿಗೆ ಕಟ್ಟಿದ.

“ಥೂ, ನಿನ್ನ ವಂಶ ಹಾಳಾಗ! ಯಾರಿಗೆ ಹಗ್ಗ ಹಾಕುತ್ತಿದ್ದೀಯೋ?”

“ಮೂರನೆಯದು ನಾನೇ” ಎಂದು ನಕ್ಕ ಕಾಳಜಂಘ. “ದಶಾವತಾರದ ಪಕ್ಕ ಹನ್ನೊಂದನೆಯವನು. ಸುಟ್ಟ ಮಣ್ಣಿಗೆ ಮುಪ್ಪಿಲ್ಲ. ಹಸಿ ಗೊಂಬೆಯೊಳಗೆ ಹೊಕ್ಕು ಬೆಂದು ಬರುತ್ತೇನೆ.”

ಕೆಂಚವ್ವ ಗೊಂಬೆ ಮಾಡಿದಳು. ವಾಡಿಕೆಯಂತೆ ತಳದಲ್ಲಿ ಒಂದು ತೂತು ಬಿಟ್ಟಳು.

“ಇದೇನಿದು?”

“ಒಳಗಿನ ಗಾಳಿ ಹೋಗೋಕೆ. ನಮ್ಮಪ್ಪ, ನಮ್ಮಜ್ಜ ಎಲ್ಲರೂ ಬಿಟ್ಟದ್ದೇ.”

“ನನ್ನ ಪ್ರಾಣ ಸೋರಿಹೋಗಲೆಂದು ಸಂಚು ಹೂಡಿದ್ದೀಯಾ? ಮುಚ್ಚೇ!”

ಏನೋ ಹೇಳಲು ಕೆಂಚವ್ವ ಬಾಯಿ ತೆರೆದಳು. ಗೂಡಿನಲ್ಲಿದ್ದ ಗಂಡನನ್ನು ನೋಡಿದಳು. ಹನುಮಂತನ ಬಿಂದಿಗೆ ನೋಡಿದಳು. ನರಸಿಂಹನ ಕೊರಳ ಹಗ್ಗ ನೋಡಿದಳು. ಬಾಯಿಯನ್ನೂ ಮುಚ್ಚಿದಳು, ತೂತನ್ನೂ ಮುಚ್ಚಿದಳು.

ಕಾಳಜಂಘ ಮೈ ಬಿಟ್ಟು ಗೊಂಬೆಯೊಳಗೆ ಹೊಕ್ಕ. ಗೊಂಬೆ ಸುಡುವ ಆವಿಗೆಗೆ ಬೆಂಕಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಢಂ! ಮಾಯಾವಿ ಚೂರುಚೂರಾದ. ಬಿಂದಿಗೆ ಬಿತ್ತು, ಹಗ್ಗ ಹರಿಯಿತು, ಮಾರಣ್ಣ ಕೆಮ್ಮುತ್ತ ಗೂಡಿನಿಂದ ಇಳಿದು ಬಂದ.

“ಅಯ್ಯೋ, ಗೊಂಬೆ ಒಡೆದುಹೋಯಿತಲ್ಲೇ! ತೂತು ಬಿಡೋದು ಮರೆತೆಯಾ?”

“ಹುಟ್ಟಿ ಬೆಳೆದದ್ದೇ ಆವಿಗೆ ಮುಂದೆ, ಮರೆಯುತ್ತೇನಾ? ಮುಚ್ಚು ಅಂದ, ಮುಚ್ಚಿದೆ.”

ಹನುಮಂತ, ನರಸಿಂಹ ಅವಳ ಜಗಲಿಯಲ್ಲೇ ಉಳಿದರು. ಕಾವಿಪುರದವರೆಲ್ಲ ಸುಖವಾಗಿದ್ದರು. ಮಾಯಾವಿಯ ಚೂರುಗಳನ್ನು ಕೆಂಚವ್ವ ಬಾಗಿಲ ಮುಂದೆ ಹಾಸಿ, ಸಿಟ್ಟು ಇಳಿಯುವವರೆಗೆ ತುಳಿಯುತ್ತೇನೆಂದಳು. ಇನ್ನೂ ತುಳಿಯುತ್ತಲೇ ಇದ್ದಾಳಂತೆ.