ಸ್ವಲ್ಪ ಜೋರಾಗಿ ಓದಿ

“ಸ್ವಲ್ಪ ಜೋರಾಗಿ ಓದ್ತೀರಾ ಮೇಡಂ?”

ಪಾಪ, ಈ ವಯಸ್ಸಿಗೇ ಕಿವಿ ಮಂದ, ಎಂದುಕೊಂಡಳು ಗಿಣಿ. ಗಂಟಲು ಸರಿಮಾಡಿಕೊಂಡು, ಬೀದಿಯಲ್ಲಿ ಹೋಗುವವರೂ ತಿರುಗಿ ನೋಡುವಷ್ಟು ಜೋರಾಗಿ ಅಜ್ಜಿಯ ಡೈರಿಯನ್ನು ಓದತೊಡಗಿದಳು. ಟೈಪಿಂಗ್ ಅಂಗಡಿಯವನು ಮಾತ್ರ ತಿರುಗಲಿಲ್ಲ. ಅವನ ಬೆರಳುಗಳು ಕೀಬೋರ್ಡಿನ ಮೇಲೆ ಓಡುತ್ತಿದ್ದವು.

ಅಜ್ಜಿ ಹೋದ ಮೇಲೆ ಅವಳ ಒಡವೆಗೆ ಯಾರೂ ಜಗಳವಾಡಿರಲಿಲ್ಲ. ಟ್ರಂಕಿನ ತುಂಬ ಇದ್ದ ಡೈರಿಗಳಿಗೆ ಜಗಳವಾಡಿದ್ದರು. ನನಗಿರಲಿ, ತನಗಿರಲಿ ಎಂದು ಚಿಕ್ಕಮ್ಮಂದಿರು ಮುಖ ಊದಿಸಿಕೊಂಡು ಕೂತಾಗ ದೊಡ್ಡ ಮಾವ, “ಅಮ್ಮನ್ನ ಪಾಲು ಮಾಡೋದು ಬೇಡ, ಕಾಪಿ ಮಾಡಿಸೋಣ. ಪುಸ್ತಕ ಮಾಡ್ಸಿ ಮನೆಗೊಂದು ಕೊಟ್ರಾಯ್ತು,” ಎಂದು ತೀರ್ಪು ಕೊಟ್ಟರು. ಆದರೆ ಪೆನ್ಸಿಲ್ಲಿನ ಆ ಇರುವೆ ಸಾಲನ್ನು ಓದುವವರು ಯಾರು? ಔಷಧಿ ಅಂಗಡಿಯಲ್ಲಿ ಡಾಕ್ಟರುಗಳ ಗೀಚು ಓದಿ ಓದಿ ಕಣ್ಣು ಪಳಗಿದ್ದ ಗಿಣಿಯೇ ಓದಬೇಕಾಯಿತು. ಮದುವೆಯಾಗದವಳಿಗೆ ಬಿಡುವು ಬೇಕಾದಷ್ಟಿರುತ್ತದೆ ಎಂಬ ವಿಷಯದಲ್ಲಿ ಮನೆಯವರಿಗೆಲ್ಲ ಒಮ್ಮತವಿತ್ತು.

ಹಾಗಾಗಿ ದಿನಾ ಸಂಜೆ ಕೆಲಸ ಮುಗಿಸಿ ಅವನ ಅಂಗಡಿಗೆ ಬರುತ್ತಿದ್ದಳು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಳಮನೆಗೆ ಅರ್ಧ ತೆರೆದ ಬಾಗಿಲು. ಅವನ ಬೆನ್ನ ಹಿಂದೆ, ಸ್ವಲ್ಪ ಓರೆಯಾಗಿ, ಅವಳ ಸ್ಟೂಲು.

“‘ದೊರೆಗಳು ಇವತ್ತು ದಿನವಿಡೀ ಮಾತಾಡಲಿಲ್ಲ. ಮನೆ ತಂಪಾಗಿತ್ತು.’”

ಬೆರಳುಗಳು ನಿಂತವು. “ದೊರೆಗಳು ಅಂದ್ರೆ?”

“ನಮ್ ತಾತ.”

ಅವನು ನಕ್ಕ. ಮೊದಲು ಭುಜ ಕುಲುಕಿತು, ಆಮೇಲೆ ದನಿ ಬಂತು. ಬಹಳ ದಿನ ಮುಚ್ಚಿಟ್ಟ ಕಿಟಕಿ ತೆರೆದ ಹಾಗಿತ್ತು ಆ ನಗು. ಅದನ್ನು ಇನ್ನೊಮ್ಮೆ ಕೇಳುವ ಆಸೆಗೆ ಗಿಣಿ ಮನೆಯಲ್ಲಿ ಡೈರಿ ತಿರುವಿ, ತಾತನನ್ನು ಬೈದ ಜಾಗಗಳಿಗೆಲ್ಲ ಗುರುತಿಡತೊಡಗಿದಳು. ಅಜ್ಜಿ ಧಾರಾಳವಾಗಿಯೇ ಬೈದಿದ್ದಳು.

ಒಂದು ಸಂಜೆ ಅವನು ಪುಟದ ಸಂಖ್ಯೆ ಹಾಕುತ್ತಿದ್ದಾಗ ಗಿಣಿ ತನ್ನಷ್ಟಕ್ಕೇ ಗೊಣಗಿದಳು. “ಕಾಲರ್ ಮಡಚ್ಕೊಂಡಿದೆ. ಹೇಳೋದೋ ಬೇಡ್ವೋ.”

ಅವನ ಕೈ ಹಿಂದೆ ಬಂದು ಕಾಲರ್ ಸರಿಮಾಡಿತು.

ಅವಳ ಮುಖ ಬಿಸಿಯಾಯಿತು. “ನಿಮಗೆ ಕಿವಿ ಕೇಳ್ಸುತ್ತಾ?”

“ಚೆನ್ನಾಗೇ ಕೇಳ್ಸುತ್ತೆ.”

“ಮತ್ತೆ ಜೋರಾಗಿ ಓದಿ ಅಂದ್ರಿ? ನಾನು ಗಂಟಲು ಹರ್ಕೊಂಡು ಓದ್ತಿದ್ದೀನಲ್ಲ ಸರ್.”

ಈ ಸಲ ಅವನು ತಿರುಗಿದ. ಕಣ್ಣಲ್ಲಿ ಇನ್ನೂ ನಗು ಉಳಿದಿತ್ತು. ಮಾತು ಮುಗಿಯುವಷ್ಟರಲ್ಲಿ ಅದು ಆರಿತು. “ಒಳಗೆ ನನ್ ಹೆಂಡ್ತಿ ಮಲಗಿರ್ತಾಳೆ ಮೇಡಂ. ಎದ್ದು ಓಡಾಡಕ್ಕಾಗಲ್ಲ. ಅವಳೂ ಕೇಳ್ಲಿ ಅಂತ.”

ಅಷ್ಟರಲ್ಲಾಗಲೇ ಗಿಣಿಯ ಮನಸ್ಸು ಕೈತಪ್ಪಿತ್ತು. ಪ್ರಿಂಟರ್ ಪಕ್ಕದಲ್ಲಿದ್ದ ಮಾತ್ರೆಗಳನ್ನು ಅವಳು ದಿನಾ ನೋಡಿದ್ದಳು, ಯಾರದೆಂದು ಕೇಳಿರಲಿಲ್ಲ. ಅವು ಗುಣವಾಗುವ ಕಾಯಿಲೆಯ ಮಾತ್ರೆಗಳಲ್ಲ. ಬೇಗ ಮುಗಿಯುವ ಕಾಯಿಲೆಯವೂ ಅಲ್ಲ. ಎರಡನೆಯದನ್ನು ಯೋಚಿಸಿದ್ದಕ್ಕೆ ದಾರಿಯುದ್ದಕ್ಕೂ ತನಗೆ ತಾನೇ ಛೀಮಾರಿ ಹಾಕಿಕೊಂಡು ನಡೆದಳು. ಇನ್ನು ಹೋಗಬಾರದು ಎಂದುಕೊಂಡಳು. ಮರುದಿನ ಹೋದಳು.

ಮನಸ್ಸಿನಲ್ಲಿದ್ದದ್ದನ್ನು ಇಬ್ಬರೂ ಆಡಲಿಲ್ಲ. ಸ್ಟೂಲಿನ ಮೇಲೆ ಒಂದು ದಿಂಬು ಬಂತು. ಫ್ಯಾನು ಅವಳ ಕಡೆ ತಿರುಗಿತು. ಅವನು ಬೇಕೆಂದೇ ತಪ್ಪು ಟೈಪ್ ಮಾಡುತ್ತಿದ್ದ, ಅವಳು ತೋರಿಸುವ ನೆಪದಲ್ಲಿ ಪರದೆಯತ್ತ ಬಾಗುತ್ತಿದ್ದಳು.

“ಇಷ್ಟು ತಪ್ಪು ಮಾಡೋರಿಗೆ ಯಾರು ಸರ್ ಕೆಲಸ ಕೊಡ್ತಾರೆ?”

“ನೀವು ಕೊಟ್ಟಿದ್ದೀರಲ್ಲ.”

ಆದರೆ ಅಜ್ಜಿ ಎಷ್ಟೆಂದು ಬರೆದಾಳು? ಕೊನೆಯ ಡೈರಿಯ ನಡುವಿನಲ್ಲೇ ಪೆನ್ಸಿಲ್ ನಿಂತುಹೋಗಿತ್ತು. ‘ಇವತ್ತು ಹಾಲು ಒಡೆಯಿತು.’ ಅದೇ ಕೊನೆಯ ಸಾಲು. ಮುಂದಿನ ಪುಟ ಖಾಲಿ, ಅದರ ಮುಂದಿನದೂ ಖಾಲಿ.

ಗಿಣಿ ಆ ಖಾಲಿ ಹಾಳೆಯ ಮೇಲೆ ಕಣ್ಣಿಟ್ಟು ಓದಿದಳು. “‘ಇವತ್ತು ದೊರೆಗಳಿಗೆ ನೆಗಡಿ.’”

ಸುಳ್ಳು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ. ಮರುದಿನವೂ ಓದಿದಳು, ಅದರ ಮರುದಿನವೂ. ದನಿ ಮಾತ್ರ ಸಣ್ಣದಾಗುತ್ತ ಬಂತು. ಜೋರಾಗಿ ಓದಿ ಎಂದು ಅವನು ಹೇಳಲಿಲ್ಲ. ಬದುಕಿದ್ದಾಗ ಒಂದು ದಿನವೂ ಗಂಡನನ್ನು ಹೊಗಳದ ಅಜ್ಜಿ ಸತ್ತ ಮೇಲೆ ಮೆತ್ತಗಾಗಿಬಿಟ್ಟಳು.

“‘ಇವರ ಕುತ್ತಿಗೆಯ ಹಿಂದೆ, ಕೂದಲು ಶುರುವಾಗುವಲ್ಲಿ, ಒಂದು ಮಚ್ಚೆ ಇದೆ. ಇವರಿಗೆ ಅದು ಕಾಣುವುದಿಲ್ಲ. ನನಗೆ ದಿನಾ ಕಾಣುತ್ತದೆ. ಎಷ್ಟು ನೋಡಿದರೂ ಸಾಕೆನಿಸುವುದಿಲ್ಲ.’”

ಕೀಲಿಗಳ ಸದ್ದು ಸಾಲಿನ ಕೊನೆಯವರೆಗೂ ಹೋಯಿತು. ಆಮೇಲೆ ಅವನ ಎಡಗೈ ಮೆಲ್ಲಗೆ ಎದ್ದು, ಕುತ್ತಿಗೆಯ ಹಿಂದೆ ಹೋಗಿ, ಅಲ್ಲೇ ಉಳಿಯಿತು.

“ಮುಂದೆ?” ಎಂದ.

ಅವಳು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಂಗಸಿನ ದನಿ ಕೇಳಿಸಿತು. “ಮೇಡಂ, ಒಂದ್ನಿಮಿಷ ಒಳಗೆ ಬರ್ತೀರಾ?”

ಆಕೆ ದಿಂಬಿಗೊರಗಿದ್ದಳು. ಜಡೆ ಸ್ವಲ್ಪ ಸೊಟ್ಟಗಿತ್ತು. ಹೆಣೆದ ಕೈ ಯಾರದೆಂದು ಗಿಣಿ ಕೇಳಬೇಕಿರಲಿಲ್ಲ.

“ಕೂತ್ಕೊಳ್ಳಿ. ನಿಮ್ಮಜ್ಜಿ ಬೈಗುಳ ಕೇಳಿ ನಾನೂ ಇಲ್ಲಿಂದ ನಕ್ಕಿದ್ದೇ ನಕ್ಕಿದ್ದು. ಈಗೀಗ ಸಣ್ಣ ದನೀಲಿ ಓದ್ತೀರಿ.”

“ಗಂಟಲು ಸರಿಯಿಲ್ಲ ಅಕ್ಕ.”

“ಪರವಾಗಿಲ್ಲ. ಮಲಗಿದ್ದಲ್ಲೇ ಇರೋರಿಗೆ ಕಿವಿ ಚುರುಕು.” ಆಕೆ ಗಿಣಿಯ ಕೈ ಹಿಡಿದುಕೊಂಡಳು. “ನಿಮ್ ತಾತಂಗೂ ಅಲ್ಲೇ ಮಚ್ಚೆ ಇತ್ತಾ? ನಮ್ಮನೆಯವರಿಗೂ ಇದೆ.”

ಭೂಮಿ ಬಾಯಿಬಿಟ್ಟು ನುಂಗಬಾರದೆ ಎನ್ನಿಸಿತು ಗಿಣಿಗೆ.

“ಬೈಯಕ್ಕೆ ಕರೀಲಿಲ್ಲಮ್ಮ. ಇವರು ನಗೋದು ಕೇಳಿ ಎಷ್ಟು ವರ್ಷ ಆಗಿತ್ತು ಗೊತ್ತಾ? ನನ್ನ ಕೈಲಿ ಆಗದ್ದು ನಿಮ್ಮಜ್ಜಿ ಕೈಲಿ ಆಯ್ತು.” ಆಕೆ ಒಂದು ಕ್ಷಣ ಉಸಿರು ತೆಗೆದುಕೊಂಡಳು. “ಡೈರಿ ಇನ್ನೂ ಇದ್ರೆ ಓದಿ. ಬೇಕಾದ್ರೆ ಆ ಬಾಗಿಲು ಹಾಕ್ಕೊಳ್ಳಿ.”

ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

“ಇಲ್ಲ ಅಕ್ಕ,” ಎಂದಳು ಗಿಣಿ. “ಡೈರಿ ಮುಗೀತು.”

ಹೊರಗೆ ಅವನು ಹಾಗೆಯೇ ಕೂತಿದ್ದ. ಎಲ್ಲವೂ ಕೇಳಿಸಿತ್ತು, ಅವನ ಕಿವಿಗೇನೂ ಆಗಿರಲಿಲ್ಲ.

“ಹಾಲು ಒಡೆದ ಮೇಲೆ ಇರೋದನ್ನೆಲ್ಲ ತೆಗೆದ್ಬಿಡಿ ಸರ್. ಅದು ಅಜ್ಜಿ ಬರೆದದ್ದಲ್ಲ.”

“ಗೊತ್ತು. ನೆಗಡಿ ಅಂದಾಗಲೇ ಗೊತ್ತಾಯ್ತು. ಅಜ್ಜಿ ಆಗಿದ್ರೆ ಆ ನೆಗಡಿಗೂ ಎರಡು ಬೈದು ಬರೀತಿದ್ರು.”

“ಮತ್ಯಾಕೆ ಟೈಪ್ ಮಾಡಿದ್ರಿ?”

“ನೀವು ಬರೋದು ನಿಂತೋಗುತ್ತಲ್ಲ, ಅದಕ್ಕೆ.”

ಅವನು ಬಾಯಿಬಿಟ್ಟು ಹೇಳಿದ್ದು ಅಷ್ಟೇ. ಗಿಣಿ ಅಷ್ಟರಲ್ಲೇ ಉಳಿದ ಆಯುಷ್ಯ ಕಳೆಯಬೇಕಿತ್ತು.

ಅವನು ಆ ಸಾಲುಗಳನ್ನೆಲ್ಲ ಸೆಲೆಕ್ಟ್ ಮಾಡಿದ. ಪರದೆಯ ಮೇಲೆ ನೀಲಿ ಹರಡಿತು. ಡಿಲೀಟ್ ಕೀಲಿಯ ಮೇಲೆ ಬೆರಳಿಟ್ಟ, ಒತ್ತಲಿಲ್ಲ. ಗಿಣಿ ಎದ್ದು ಬಾಗಿ, ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಅವರಿಬ್ಬರ ಕೈ ಸೋಕಿದ್ದು ಅದೊಂದೇ ಸಲ.

ಪುಸ್ತಕ ಬಂತು, ಮನೆಗೊಂದರಂತೆ ಹಂಚಿದ್ದಾಯಿತು, ಚಿಕ್ಕಮ್ಮಂದಿರು ಮುನಿಸು ಬಿಟ್ಟು ಮಾತಾಡಿಕೊಂಡರು. ಎಲ್ಲರೂ ಸೇರಿದ ದಿನ ದೊಡ್ಡ ಮಾವ, “ಗಿಣಿ, ಕೊನೆ ಪುಟ ನೀನೇ ಓದಮ್ಮ,” ಎಂದರು.

“‘ಇವತ್ತು ಹಾಲು ಒಡೆಯಿತು.’”

“ಇಷ್ಟೇನಾ?” ಎಂದರು ಒಬ್ಬ ಚಿಕ್ಕಮ್ಮ. “ಸರಿಯಾಗಿ ಕೇಳಿಸ್ಲೇ ಇಲ್ಲ. ಸ್ವಲ್ಪ ಜೋರಾಗಿ ಓದೇ.”

ಗಿಣಿ ಬಾಯಿ ತೆರೆದಳು. ಪುಸ್ತಕದ ಅಕ್ಷರಗಳು ಸ್ಪಷ್ಟವಾಗಿಯೇ ಇದ್ದವು, ಒಂದೂ ತಪ್ಪಿರಲಿಲ್ಲ. ದನಿ ಬರಲಿಲ್ಲ. ಕಣ್ಣೀರು ಮಾತ್ರ ಬಂತು.

“ಬಿಡ್ರೋ ಅವಳನ್ನ,” ಎಂದು ದೊಡ್ಡ ಮಾವ ಅವಳ ತಲೆ ಸವರಿದರು. “ಮಗುಗೆ ಅಜ್ಜಿ ನೆನಪಾಯ್ತು.”