ಉರಗವನದಲ್ಲಿ ಹಲ್ಲಿ ನುಡಿದದ್ದು

ಬಹಳ ಹಿಂದೆ, ಬೆಟ್ಟಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಮುತ್ತುಗನಾಡು ಎಂಬ ರಾಜ್ಯವಿತ್ತು. ಸಮುದ್ರದಾಚೆಯಿಂದ ಉರಿಗಣ್ಣನೆಂಬ ಮಾಂತ್ರಿಕ ಬಂದು ಅಲ್ಲೊಂದು ಉರಗವನ ಕಟ್ಟಿದ. ಆನೆಗಾತ್ರದ ಆಮೆ, ಬಂಗಾರದ ಮೊಸಳೆ, ಕೊಂಬಿನ ಹೆಬ್ಬಾವು, ಏನುಂಟು ಏನಿಲ್ಲ! ಹಬ್ಬ ಬಂತೆಂದರೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಿತ್ತು. ಹೋದವರಲ್ಲಿ ಒಬ್ಬಿಬ್ಬರು ವಾಪಸು ಬರುತ್ತಿರಲಿಲ್ಲ. ಜನಜಂಗುಳಿಯಲ್ಲಿ ಎಲ್ಲೋ ತಪ್ಪಿಸಿಕೊಂಡಿರಬೇಕು ಎಂದು ಉಳಿದವರು ಸುಮ್ಮನಾಗುತ್ತಿದ್ದರು. ಜನ ಅಂದರೆ ಹಾಗೇ.

ಬುಟ್ಟಿ ಹೆಣೆಯುವ ದುಗ್ಗಯ್ಯ, ಅವನ ಹೆಂಡತಿ ಲಕುಮವ್ವ, ಮಗಳು ದೇವೀರಿ ಒಂದು ಯುಗಾದಿಗೆ ಅಲ್ಲಿಗೆ ಹೊರಟರು. ಬಾಗಿಲಲ್ಲೇ ದೊಡ್ಡ ಹಲಗೆ: 'ಪ್ರಾಣಿಗಳಿಗೆ ತಿಂಡಿ ಹಾಕಬಾರದು.' ಲಕುಮವ್ವನಿಗೆ ಓದು ಬರುತ್ತಿತ್ತು, ಹೇಳಿದ್ದು ಕೇಳುವ ಅಭ್ಯಾಸ ಇರಲಿಲ್ಲ. ಆಮೆಯ ಬಾಡಿದ ಮುಖ ನೋಡಿ ಮರುಗಿ ಒಂದು ತುತ್ತು ಮೊಸರನ್ನ ಹಾಕಿದಳು.

ಆಮೆ ನಿಧಾನವಾಗಿ ಅಗಿದು ನುಂಗಿ, "ಉಪ್ಪು ಒಂಚೂರು ಕಮ್ಮಿ ಆಯ್ತು, ತಾಯಿ" ಎಂದಿತು.

ಮೂವರೂ ಬೆಚ್ಚಿದರು. ವನದ ಪ್ರಾಣಿಗಳೆಲ್ಲ ಉರಿಗಣ್ಣ ಮಾಯೆ ಹಾಕಿದ ಮನುಷ್ಯರೇ. ಮನೆಯ ಅನ್ನದ ರುಚಿ ಸಿಕ್ಕರೆ ಅವರಿಗೆ ಮಾತು ಬರುತ್ತಿತ್ತು. ಅದಕ್ಕೇ ಆ ಹಲಗೆ.

ಗುಟ್ಟು ಬಯಲಾದದ್ದೇ ತಡ, ಉರಿಗಣ್ಣ ಗಾಳಿಯಲ್ಲಿ ಹಾರಿ ಬಂದು ಬೆತ್ತ ಬೀಸಿದ. ಲಕುಮವ್ವ ಹಲ್ಲಿಯಾಗಿ ಗೋಡೆಯೇರಿ, ಪಕ್ಕದ ಮಂಟಪದೊಳಕ್ಕೆ ಸರಿದುಹೋದಳು. ದುಗ್ಗಯ್ಯ ಗೋಡೆಯತ್ತ ಓಡಿದ. ದೇವೀರಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ನಮ್ಮವ್ವನ್ನ ಬಿಡು" ಎಂದಳು.

"ಮೊಸಳೆ ಬಾಯಲ್ಲಿರೋ ಬೀಗದ ಕೈ ತಾ. ಹೆಬ್ಬಾವು ಸುತ್ತಿಕೊಂಡಿರೋ ಬಾಗಿಲು ತೆಗಿ. ಮಂಟಪದ ಸಾವಿರ ಹಲ್ಲಿಗಳಲ್ಲಿ ನಿಮ್ಮವ್ವ ಯಾರು ತೋರಿಸು. ಹೊತ್ತು ಮುಳುಗೋದ್ರೊಳಗೆ ಆಗದಿದ್ರೆ ಅವಳು ಎಂದೆಂದಿಗೂ ಹಲ್ಲಿನೇ" ಎಂದ ಉರಿಗಣ್ಣ.

ದೇವೀರಿ ಬುತ್ತಿ ಎತ್ತಿಕೊಂಡು ಕೊಳಕ್ಕಿಳಿದಳು. ಮೊಸಳೆ ಬಾಯಿ ತೆರೆದು ಬಂತು. "ಹಸಿದಿದ್ದೀಯೇನೋ, ಮಾವ" ಎಂದು ಅದರ ನಾಲಿಗೆಯ ಮೇಲೆ ಹುಳಿಯನ್ನ ಇಟ್ಟಳು. ಮೊಸಳೆ ಕಣ್ಣೀರು ಹಾಕಿತು, ಈ ಸಲ ನಿಜವಾದ ಕಣ್ಣೀರು. ಬೀಗದ ಕೈ ಅವಳ ಅಂಗೈಗೆ ಬಂತು.

ಹೆಬ್ಬಾವು ಬುಸುಗುಟ್ಟಿತು. "ಹಬ್ಬದ ದಿನ ಸಿಹಿ ತಿನ್ನು, ಅತ್ತೆ" ಎಂದು ಹೋಳಿಗೆ ಕೊಟ್ಟಳು. "ತುಪ್ಪ ತಂದಿಲ್ವೇನೇ?" ಎಂದು ಗೊಣಗುತ್ತಲೇ ಅದು ಸುತ್ತು ಬಿಚ್ಚಿತು.

ಅಪ್ಪ ಮಗಳು ಬೀಗ ತೆಗೆದು ಮಂಟಪ ಹೊಕ್ಕರು. ಚಾವಣಿ ತುಂಬ ಹಲ್ಲಿಗಳು, ಬುತ್ತಿ ಖಾಲಿ. "ಅವ್ವಾ" ಎಂದು ದೇವೀರಿ ಕೂಗಿದಳು. ಅರ್ಧಕ್ಕರ್ಧ ಹಲ್ಲಿಗಳು ತಿರುಗಿ ನೋಡಿದವು. ಪಾಪ, ಎಲ್ಲರೂ ಯಾರದೋ ಅವ್ವಂದಿರೇ. ಹೊರಗೆ ಹೊತ್ತು ಇಳಿಯುತ್ತಿತ್ತು. ಉರಿಗಣ್ಣ ಬಾಗಿಲಲ್ಲಿ ನಿಂತು ನಗುತ್ತಿದ್ದ.

ದೇವೀರಿ ಥಟ್ಟನೆ ದನಿ ತಗ್ಗಿಸಿದಳು. "ಸ್ವಾಮಿ, ಅಕಸ್ಮಾತ್ ನಾನೇ ಗೆದ್ರೆ ಏನಂತೀರಿ?"

"ಏನಂತೀನಿ? 'ನನ್ನ ಮಾಯೆ ಮುಗೀತು, ಎಲ್ಲರೂ ಮನೆಗೆ ಹೋಗಿ' ಅಂತೀನಿ" ಎಂದು ಅವನು ಅಣಕಿಸಿದ.

ಮೇಲೆ ಒಂದು ಹಲ್ಲಿ ಲೊಚಗುಟ್ಟಿತು.

ಆಡಿದ ಮಾತಿನ ಬೆನ್ನಿಗೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ. ಇದು ಮುತ್ತುಗನಾಡಿನ ಹಸುಗೂಸಿಗೂ ಗೊತ್ತು. ಸಮುದ್ರದಾಚೆಯ ಉರಿಗಣ್ಣನಿಗೆ ಯಾರು ಹೇಳಬೇಕು? ದುಗ್ಗಯ್ಯ ಅಭ್ಯಾಸಬಲದಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎಂದ. ಸಾವಿರ ಹಲ್ಲಿಗಳೂ ಒಟ್ಟಿಗೆ ಲೊಚಗುಟ್ಟಿದವು.

ಮಾತು ನಿಜವಾಯಿತು. ಬೆತ್ತ ಪುಡಿಪುಡಿಯಾಯಿತು. ಚಾವಣಿಯಿಂದ ಜನ ನೇರಳೆ ಹಣ್ಣಿನಂತೆ ಉದುರಿದರು. ಲಕುಮವ್ವ ಸರಿಯಾಗಿ ಗಂಡನ ಮೇಲೇ ಬಿದ್ದಳು. 'ಎಲ್ಲರೂ' ಎಂದದ್ದರಲ್ಲಿ ಉರಿಗಣ್ಣನೂ ಸೇರಿದ್ದ. ಬೇಡ ಬೇಡವೆಂದರೂ ಅವನ ಕಾಲು ಅವನನ್ನು ಸಮುದ್ರದ ಕಡೆಗೆ ಎಳೆದುಕೊಂಡು ಹೋಯಿತು.

ದೇವೀರಿ ಅವ್ವನನ್ನು ತಬ್ಬಿಕೊಂಡು ಬಿಕ್ಕಿದಳು. "ನಿನ್ನ ಗುರುತು ಹಿಡಿಯೋಕೆ ನಂಗೆ ಆಗ್ಲೇ ಇಲ್ಲ ಕಣವ್ವ."

"ನಾನು ನಿನ್ನ ಗುರುತು ಹಿಡಿದೆನಲ್ಲ, ಸಾಕು ಬಿಡು" ಎಂದಳು ಲಕುಮವ್ವ.

ಅಂದು ಮುತ್ತುಗನಾಡಿನ ಎಷ್ಟೋ ಮನೆಗಳಲ್ಲಿ ಊಟಕ್ಕೆ ಒಂದು ಎಲೆ ಹೆಚ್ಚಿಗೆ ಬಿತ್ತು. ಆ ಎಲೆ ಮತ್ತೆಂದೂ ಖಾಲಿ ಉಳಿಯಲಿಲ್ಲ.